ಬಿಟ್ಟಿ ಅನ್ನುವ ಮಾತು

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠದ ಮುಂದೆ ಒಂದು ಕಲ್ಯಾಣಿ. ಕಲ್ಯಾಣಿಯ ತುಂಬ ಹೂಳು.

ಆ ಹೂಳನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಆಚೆ ದಿಬ್ಬದಲ್ಲಿ ಚೆಲ್ಲಿ ಬರುವುದು ವಿರೂಪನ ಕೆಲಸ. ಶಾಸ್ತ್ರ ಓದಬೇಕು ಅಂತ ಮನೆಯವರ ಮಾತು ಮೀರಿ ಬಂದವನು ಅವನು. ಬಂದ ದಿನ ಚಂದ್ರಧರ ಗುರುಗಳು ಅವನ ಕೈಗೆ ಕೊಟ್ಟದ್ದು ಗ್ರಂಥವನ್ನಲ್ಲ, ಬುಟ್ಟಿಯನ್ನು. ಮಳೆಗಾಲ ಬಂತು, ಹೋಯಿತು. ಅವನು ತೆಗೆದಷ್ಟನ್ನೂ ಮಳೆ ಮತ್ತೆ ತಂದು ಸುರಿಯಿತು. ಪಾಠದ ಸುದ್ದಿಯೇ ಇಲ್ಲ.

ತಾಳ್ಮೆಗೂ ಒಂದು ತಳ ಅಂತ ಇರುತ್ತದಲ್ಲ. ಒಂದು ಬೆಳಗ್ಗೆ ವಿರೂಪ ಬುಟ್ಟಿಯನ್ನು ಧೊಪ್ಪನೆ ನೆಲಕ್ಕೆ ಎಸೆದ.

"ಥೂ, ಬಿಟ್ಟಿ ಚಾಕರಿ!"

ಗುರುಗಳು ಅಲ್ಲೇ ಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರು.

"ಏನಂದೆ?"

ಆಡಿದ ಮಾತನ್ನು ನುಂಗಲಿಕ್ಕಾಗುತ್ತದೆಯೇ? "ಬಿಟ್ಟಿ ಚಾಕರಿ ಅಂದೆ, ಗುರುಗಳೇ."

"ಚಾಕರಿ ಗೊತ್ತಾಯಿತು. ಬಿಟ್ಟಿ ಅಂದರೆ?"

"ಅದೇ... ಬೇಸರದ ಕೆಲಸ. ಮಾಡಿದ್ದನ್ನೇ ಮಾಡುವುದು."

"ನಿಮ್ಮಮ್ಮ ದಿನಾ ರೊಟ್ಟಿ ಬಡಿಯುತ್ತಾಳೆ. ಅದು ಬಿಟ್ಟಿಯೋ?"

ವಿರೂಪ ತಲೆ ಕೆರೆದುಕೊಂಡ.

"ಸಂಸ್ಕೃತದ ವಿಷ್ಟಿ ಕನ್ನಡದವರ ಬಾಯಿಗೆ ಬಿದ್ದು ಬಿಟ್ಟಿ ಆಯಿತು," ಅಂದರು ಗುರುಗಳು. "ಕೂಲಿಯಿಲ್ಲದ ಕೆಲಸ ಅಂತ ನಿಘಂಟಿನವರು ಅರ್ಥ ಬರೆದಿದ್ದಾರೆ. ಆದರೆ ನಿಘಂಟು ಬರೆದವರು ಯಾರೂ ಬಿಟ್ಟಿ ಮಾಡಿದವರಲ್ಲ. ಹೋಗು, ಮಾಡಿದವರನ್ನು ಕೇಳಿಕೊಂಡು ಬಾ. ಅರ್ಥ ತಂದ ದಿನವೇ ಪಾಠ ಶುರು."

ಇನ್ನೇನು ಬೇಕು! ವಿರೂಪ ಕೈಕಾಲು ತೊಳೆದವನೇ ಹೊಳೆಗೆ ಓಡಿದ.

ಮೊದಲು ಸಿಕ್ಕವನು ಹರಗೋಲಿನ ಅಂಬಿಗ. ಪ್ರಶ್ನೆ ಕೇಳಿ ಅವನು ಹುಟ್ಟು ನಿಲ್ಲಿಸಿ ನಕ್ಕ.

"ಬಿಟ್ಟಿ ಅಂದ್ರ ಪುಕ್ಕಟೆ! ಇಷ್ಟೂ ಗೊತ್ತಿಲ್ಲೇನು? ಬಿಟ್ಟಿ ಸಿಕ್ಕರ ನನಗೊಂದು ಇರಲಿ, ನಮ್ಮಪ್ಪಗೊಂದು ಇರಲಿ ಅಂತಾರಲ್ಲ!"

ಅರ್ಥ ಸಿಕ್ಕಿತು. ಅಲ್ಲಿಂದಲೇ ತಿರುಗಬಹುದಿತ್ತು. ಆದರೆ ವಿರೂಪನಿಗೆ ಆ ಮಾತು ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡತೊಡಗಿತು. ಪುಕ್ಕಟೆ ಅಂದರೆ ಜನ ಬಾಯಿಬಿಟ್ಟು ನಗುತ್ತಾರೆ. ತಾನು ಅದೇ ಮಾತನ್ನು ಥೂ ಅಂತ ಉಗಿದಿದ್ದ. ಒಂದೇ ಮಾತಿಗೆ ನಗುವೂ ಉಗುಳೂ ಹೇಗೆ ಬಂತು?

ಅವತ್ತು ಅಮಾವಾಸ್ಯೆ. ಪ್ರತಿ ಅಮಾವಾಸ್ಯೆ ಆಚೆ ದಡದ ಹಳ್ಳಿಯಿಂದ ಮನೆಗೊಬ್ಬರಂತೆ ಮಠಕ್ಕೆ ಕಟ್ಟಿಗೆ ಹೊರೆ ತಂದು ಹಾಕುತ್ತಿದ್ದರು. ಹಾಕಿ, ಒಂದು ತುತ್ತೂ ಉಣ್ಣದೆ ಹೊಳೆ ದಾಟಿ, ಆಚೆ ದಡದಲ್ಲಿ ತಮ್ಮ ಬುತ್ತಿ ಬಿಚ್ಚುತ್ತಿದ್ದರು. ಎಂಥ ಭಕ್ತಿ ನೋಡಿ, ಪ್ರಸಾದಕ್ಕೂ ಆಸೆಪಡುವುದಿಲ್ಲ ಅಂತ ಗುರುಗಳು ಪ್ರವಚನದಲ್ಲಿ ಅವರನ್ನು ಹೊಗಳುವುದಿತ್ತು.

ವಿರೂಪ ಹರಗೋಲಿನಲ್ಲಿ ಹೊಳೆ ದಾಟಿ ಆಚೆ ದಡ ಹತ್ತಿದಾಗ ಹುಣಸೆ ಮರದ ಕೆಳಗೆ ಒಬ್ಬ ಮುದುಕಿ ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಹೆಸರು ತುಂಗವ್ವ.

"ಅವ್ವಾ, ಬಿಟ್ಟಿ ಅಂದರೇನು?"

ತುಂಗವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಚ್ಯಾಷ್ಟಿ ಮಾಡಾಕತ್ತೀಯೇನೋ ತಮ್ಮಾ? ಈಗ ನಿಮ್ಮ ಮಠದಾಗ ಹಾಕಿ ಬಂದ್ನೆಲ್ಲ ಕಟ್ಟಿಗಿ, ಅದು ಬಿಟ್ಟಿ."

"ಅದು ಸೇವೆಯಲ್ಲವೇ?"

"ಸೇವಾ ಅಂತ ನೀವು ಅಂತೀರಿ. ನಮ್ಮೂರಾಗ ಬಿಟ್ಟಿ ಸರದಿ ಅಂತೀವಿ."

ವಿರೂಪ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ತುಂಗವ್ವ ರೊಟ್ಟಿ ಮುರಿಯುತ್ತ ಹೇಳಿದಳು.

"ಹಿಂದ ಇಲ್ಲೊಬ್ಬ ದೇಸಾಯಿ ಇದ್ದ. ಅವನ ಪಲ್ಲಕ್ಕಿ ಹೊರೋದು, ಕುದುರಿಗೆ ಹುಲ್ಲು ತರೋದು, ಅವನ ದೊಡ್ಡ ಮನಿ, ಆ ವಾಡೇಕ್ಕ ಕಟ್ಟಿಗಿ ಹಾಕೋದು, ಎಲ್ಲಾ ಬಿಟ್ಟಿ. ಮನಿಗೊಬ್ಬರು ಹೋಗಬೇಕು, ಬುತ್ತಿ ನಮ್ಮದ. ಹಡದ ಹೆಣ್ಮಗಳು ಅಂತಿಲ್ಲ, ಜ್ವರ ಬಂದಾವ ಅಂತಿಲ್ಲ. ವಾಡೇದಾಗ ಒಂದು ತುತ್ತು ಉಂಡ್ರ, ನನ್ನ ಅನ್ನ ತಿಂದೀರಿ ಅಂತ ಮತ್ತೊಂದು ಕೆಲಸ ಹೇಳ್ತಿದ್ದನಂತ. ಅದಕ್ಕ, ಬಿಟ್ಟಿ ಮಾಡಿದಲ್ಲಿ ಉಣಬ್ಯಾಡ್ರಿ ಅಂತ ನಮ್ಮ ಹಿರ್ಯಾರು ಕಟ್ಟು ಮಾಡ್ಯಾರ."

"ಆ ದೇಸಾಯಿ ಈಗೆಲ್ಲಿ?"

"ಸತ್ತ. ವಾಡೇನೂ ಬಿತ್ತು. ಸಾಯೋ ಮುಂದ ಪುಣ್ಯ ಬರಲಿ ಅಂತ ನಮ್ಮ ಬಿಟ್ಟೀನ ನಿಮ್ಮ ಮಠಕ್ಕ ದಾನ ಮಾಡಿದ. ಪುಣ್ಯ ಅವಗ, ಕಟ್ಟಿಗಿ ನಮಗ."

"ಬಿಟ್ಟಿ ಅಂದರೆ ಪುಕ್ಕಟೆ ಅಂದನಲ್ಲ ಅಂಬಿಗ?"

"ತಗೊಂಡವರಿಗೆ ಪುಕ್ಕಟೆ. ಹೊತ್ತವರ ಅರ್ಥ ನಮ್ಮೂರಾಗಷ್ಟ ಉಳೀತು, ತಗೊಂಡವರದು ಎಲ್ಲಾ ಕಡೆ ಹೋತು."

"ಹೊರೆ ಬಹಳ ಭಾರವೇನವ್ವಾ?"

"ಭಾರ ಏನು ಬಂತು! ಇದರ ಎರಡರಷ್ಟು ನನ್ನ ಮಗಳ ಮನಿಗೆ ಹೊತ್ತೀನಿ. ಆಕಿ, ಬರ್ತೀಯೇನವ್ವಾ ಅಂತ ಕೇಳ್ತಾಳ. ಒಮ್ಮೊಮ್ಮೆ ಒಲ್ಲೆ ಅಂತೀನಿ. ನಿಮ್ಮ ಮಠದಾಗ ಇಷ್ಟು ವರ್ಷದಾಗ ಒಬ್ಬರಾದರೂ ಕೇಳ್ಯಾರೇನು? ತಗೋ, ರೊಟ್ಟಿ ತಿನ್ನು. ಮುಖ ಬಾಡೇತಿ."

ವಾಪಸು ಬರುವಾಗ ಹರಗೋಲಿಗಿಂತ ಜೋರಾಗಿ ವಿರೂಪನ ತಲೆ ತಿರುಗುತ್ತಿತ್ತು. ಬಿಟ್ಟಿ ಅಂದರೆ ಪುಕ್ಕಟೆ ಅಂತ ಅಂಬಿಗನ ಮಾತನ್ನೇ ಒಪ್ಪಿಸಿದರೆ ನಾಳೆಯೇ ಪಾಠ. ಮುದುಕಿಯ ಮಾತು ಹೇಳಿದರೋ, ನಿಮ್ಮ ಒಲೆಯಲ್ಲಿ ಉರಿಯುವುದೇ ಬಿಟ್ಟಿ ಅಂತ ಗುರುವಿನ ಮುಖಕ್ಕೇ ಹೇಳಿದಂತೆ. ಪಾಠ ಹಾಗಿರಲಿ, ಚಾಪೆ ಸುತ್ತಿಕೊಂಡು ಊರಿಗೆ ಹೊರಡಬೇಕಾದೀತು. ಅಪ್ಪನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

ಗುರುಗಳು ಕಟ್ಟೆಯ ಮೇಲೇ ಇದ್ದರು. "ಸಿಕ್ಕಿತೇ?"

ವಿರೂಪ ಎಲ್ಲವನ್ನೂ ಹೇಳಿದ. ದೇಸಾಯಿ, ದಾನ, ಬುತ್ತಿ, ಒಂದನ್ನೂ ಬಿಡಲಿಲ್ಲ.

ಗುರುಗಳ ಮುಖ ಸಣ್ಣದಾಯಿತು.

"ಅವರು ನಮ್ಮಲ್ಲಿ ಯಾಕೆ ಉಣ್ಣುವುದಿಲ್ಲ ಅಂತ ನಾನು ಒಂದು ದಿನವೂ ಕೇಳಲಿಲ್ಲವಲ್ಲೋ," ಅಂದರು. "ಭಕ್ತಿ ಅಂದುಕೊಂಡೆ. ಹಾಗಂದುಕೊಳ್ಳುವುದು ನನಗೆ ಹಿತವಾಗಿತ್ತು."

ಎದ್ದವರೇ ಕೋಲು ಹಿಡಿದು ಹೊಳೆಯತ್ತ ನಡೆದರು. ವಿರೂಪ ಹಿಂದೆ ಓಡಿದ.

ಹಳ್ಳಿಯ ಚಾವಡಿಯ ಮುಂದೆ ಗುರುಗಳು ಕೈಮುಗಿದು ನಿಂತದ್ದು ಕಂಡು ಜನ ಗಾಬರಿಯಾದರು. "ನಮ್ಮಿಂದ ಏನು ತಪ್ಪಾತ್ರೀ ಬುದ್ಧಿ?" ಅಂದ ಒಬ್ಬ ಹಿರಿಯ.

"ತಪ್ಪು ನಮ್ಮದು. ಇನ್ನು ಯಾರೂ ಕಟ್ಟಿಗೆ ತರಬೇಡಿ."

"ಹಂಗಾರ ಬಿಟ್ಟಿ ಹೋತೇನ್ರೀ?" ತುಂಗವ್ವ ಹಿಂದಿನಿಂದ ಕೇಳಿದಳು.

"ಹೋಯಿತು, ತಾಯಿ."

ತುಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಏನೂ ಆಗದವಳ ಹಾಗೆ ಎಮ್ಮೆ ಕಟ್ಟಲು ಹೋದಳು.

ಮುಂದಿನ ಅಮಾವಾಸ್ಯೆಗೆ ಹರಗೋಲಿನಲ್ಲಿ ಯಾರೂ ಬರಲಿಲ್ಲ. ಮಠದ ಒಲೆ ಹೊಗೆಯಾಡಿತು. ಅನ್ನ ಅರೆಬೆಂದಿತು. ಉಳಿದ ಶಿಷ್ಯರು ವಿರೂಪನನ್ನು ಕಣ್ಣಲ್ಲೇ ಸುಟ್ಟರು. ಗುರುಗಳು ಹೊಳೆಯಲ್ಲಿ ತೇಲಿ ಬಂದ ಮರಗಳನ್ನು ಎಳೆದು ತಾವೇ ಕಡಿಯತೊಡಗಿದರು. ಪಾಠದ ಮಾತೇ ಎತ್ತಲಿಲ್ಲ.

ಮುಗಿಯಿತು ನನ್ನ ಕಥೆ ಅಂದುಕೊಂಡ ವಿರೂಪ. ಬೇಜಾರಿನಲ್ಲೇ ಒಂದು ಸಂಜೆ ಬುಟ್ಟಿ ಹಿಡಿದು ಕಲ್ಯಾಣಿಗೆ ಇಳಿದ.

ಗುರುಗಳು ಕೊಡಲಿ ಹೆಗಲಿಗೇರಿಸಿ ಬಂದರು. ಅಂಗೈ ತುಂಬ ಬೊಕ್ಕೆ.

"ಗುರುಗಳೇ, ನನ್ನ ಮೇಲೆ ಕೋಪವೇ?"

"ಯಾಕೆ?"

"ಅರ್ಥ ತಂದ ದಿನವೇ ಪಾಠ ಅಂದಿದ್ದಿರಿ."

"ನೀನು ತಂದೆ. ನನ್ನ ತಲೆಗೆ ಹತ್ತಲು ಇಷ್ಟು ದಿನ ಬೇಕಾಯಿತು."

ಕೊಡಲಿ ಕೆಳಗಿಟ್ಟು ಗುರುಗಳು ಮೆಟ್ಟಿಲು ಇಳಿದು ಬಂದರು. ಅವನ ಕೈಯಿಂದ ಬುಟ್ಟಿ ತೆಗೆದುಕೊಂಡು, ಅಂಟಿದ್ದ ಕೆಸರನ್ನು ಕೊಡವಿದರು. ಬಂದ ದಿನ ಒಂದು ಮಾತೂ ಕೇಳದೆ ಅವನ ಕೈಗೆ ಕೊಟ್ಟಿದ್ದವರು ಇವತ್ತು ಅದನ್ನು ಅವನ ಮುಂದೆ ಹಿಡಿದು ನಿಂತರು.

"ಹೊರುತ್ತೀಯೇನಪ್ಪಾ?"

ವಿರೂಪ ಹೂಂ ಅನ್ನಲು ತಟ್ಟನೆ ಬಾಯಿ ತೆರೆದ. ಗುರುಗಳು ಕೈಯೆತ್ತಿ ತಡೆದರು.

"ಅವಸರ ಬೇಡ, ಯೋಚಿಸಿ ಹೇಳು. ಇಲ್ಲ ಅಂದರೂ ನಾಳೆ ಬೆಳಗ್ಗೆ ಪಾಠ ಶುರು."