ಕಂಟಪ್ಪನ ದೊನ್ನೆ ಅರವಟ್ಟಿಗೆ

ಗುಡ್ಡದ ಮಗ್ಗುಲಲ್ಲಿ ಒಂದು ಕಾಡು. ಕಾಡಿನ ನಡುವೆ ಒಂದು ನೀರಿನ ಗುಂಡಿ, ಗುಂಡಿಯ ಮೇಲೆ ಕೊಡೆ ಹಿಡಿದಂತೆ ಒಂದು ಮುತ್ತುಗದ ಮರ. ಬೇಸಿಗೆಯಲ್ಲಿ ಹಳ್ಳಗಳೆಲ್ಲ ಬತ್ತಿದರೂ ಆ ಮರದ ನೆರಳಿನಿಂದಾಗಿ ಗುಂಡಿಯ ನೀರು ಮಳೆ ಬರುವವರೆಗೂ ಉಳಿಯುತ್ತಿತ್ತು. ಅಲ್ಲಿ ಅರವಟ್ಟಿಗೆ ಇಟ್ಟುಕೊಂಡು, ಬಂದವರಿಗೆಲ್ಲ ನೀರು ಕೊಡುತ್ತಿದ್ದವನು ಕಂಟಪ್ಪನೆಂಬ ಮುಳ್ಳುಹಂದಿ.

ಕಂಟಪ್ಪ ಒಳ್ಳೆಯವನೇ ಮಕ್ಕಳೇ. ಆದರೆ ಎಂಜಲು ಎಂದರೆ ಸಾಕು, ಅವನ ಮುಳ್ಳುಗಳೆಲ್ಲ ನೆಟ್ಟಗಾಗುತ್ತಿದ್ದವು. ಒಬ್ಬರು ಕುಡಿದ ಪಾತ್ರೆಯನ್ನು ಇನ್ನೊಬ್ಬರ ಮುಂದೆ ಇಡುವವನಲ್ಲ.

ಮೊದಲು ಅವನು ರಸ್ತೆಯಲ್ಲಿ ಜನ ಎಸೆದ ಪ್ಲಾಸ್ಟಿಕ್ ಬಾಟಲಿಗಳನ್ನು ತಂದ; ಅವೂ ಜನರ ಎಂಜಲೇ ಎಂದು ಅವನಿಗೆ ಹೊಳೆಯಲಿಲ್ಲ. ಹಗುರ, ಒಡೆಯುವುದಿಲ್ಲ ಎಂದು ಬೀಗಿದ. ಎರಡೇ ದಿನಕ್ಕೆ, ಕುಡಿದೆಸೆದ ಬಾಟಲಿಯೊಂದರಲ್ಲಿ ಜಿಂಕೆಮರಿಯ ಮೂತಿ ಸಿಕ್ಕಿಕೊಂಡಿತು. ಆಮೇಲೆ ಗುಡ್ಡದಾಚೆಯ ಡಾಬಾದ ಹಿಂದಿನಿಂದ ಗಾಜಿನ ಬಾಟಲಿ ಹೊರಿಸಿ ತಂದ. ಹೊತ್ತ ಕಾಡುಕೋಣನ ಹೆಗಲು ಊದಿತು. ಒಡೆದ ಚೂರು ತುಳಿದು ಕಾಡುಹಂದಿಯ ಕಾಲು ಸೀಳಿತು.

"ಸಾಕಪ್ಪಾ ಸಾಕು!" ಎಂದ ಕಂಟಪ್ಪ. "ಇನ್ನು ಮುತ್ತುಗದೆಲೆಯ ದೊನ್ನೆ. ಮಣ್ಣಲ್ಲಿ ಹುಟ್ಟಿದ್ದು ಮಣ್ಣಿಗೇ ಹೋಗುತ್ತೆ. ಯಾರಿಗೇನು ತೊಂದರೆ?"

ಕೋತಿಗಳು ಎಲೆ ಕಿತ್ತು ಕೊಟ್ಟವು. ಚುಚ್ಚುವ ಕಡ್ಡಿಗೆ ಬರವೇ? ಕಂಟಪ್ಪನ ಮೈಯಿಂದ ಉದುರಿದ ಮುಳ್ಳುಗಳೇ ಬೇಕಾದಷ್ಟಿದ್ದವು. ಒಂದು ಗುಟುಕಿಗೆ ಒಂದು ದೊನ್ನೆ. ಎಲ್ಲರೂ ಭಲೇ ಎಂದರು.

ಆಮೆಯಜ್ಜಿ ಮಾತ್ರ ಕುತ್ತಿಗೆ ಚಾಚಿ ಕೇಳಿದಳು: "ಒಂದು ದೊನ್ನೇಲಿ ಎಷ್ಟು ಸಲ ಕುಡೀತಾರಪ್ಪ?"

"ಒಂದೇ ಸಲ ಅಜ್ಜಿ. ಆಮೇಲೆ ಎಸೆದರಾಯ್ತು, ಕೊಳೆಯುತ್ತೆ."

"ಕೊಳೆಯೋದು ಸರಿ. ಬರೋದು ಎಲ್ಲಿಂದ? ಒಂದು ಒಣಗಿದ ಸೋರೆಬುರುಡೆ ಇಡು. ಮೇಲಿನಿಂದ ಎಲ್ಲರ ಬಾಯಿಗೂ ಹುಯ್ಯಿ. ವರ್ಷಗಟ್ಟಲೆ ಬಾಳುತ್ತೆ."

"ಎಲ್ಲರಿಗೂ ಅದೇ ಬುರುಡೆಯಾ? ಛೀ ಛೀ! ಯಾರದ್ದಾದರೂ ತುಟಿ ತಾಗಿದರೆ? ನೀವು ಸುಮ್ಮನೆ ಕೂತ್ಕೊಳ್ಳಿ ಅಜ್ಜಿ."

ಅಜ್ಜಿ ತಲೆ ಒಳಗೆಳೆದುಕೊಂಡಳು.

ವಾರದಲ್ಲಿ ಕೆಳಗಿನ ಕೊಂಬೆಗಳು ಬೋಳಾದವು. ಹದಿನೈದು ದಿನಕ್ಕೆ ಮರದ ತುದಿಯೂ ಬೋಳು. ಹೊಸದಾಗಿ ಬಂದ ಚಿಗುರನ್ನೂ ಕೋತಿಗಳು ಬಿಡಲಿಲ್ಲ. ಬಿಸಿಲು ನೇರವಾಗಿ ಗುಂಡಿಗೆ ಬಿತ್ತು. ನೀರು ದಿನಕ್ಕೆ ನಾಲ್ಕು ಬೆರಳಿನಷ್ಟು ಇಳಿಯಿತು. ಕೊನೆಗೊಂದು ಬೆಳಿಗ್ಗೆ ಕಂಟಪ್ಪ ದೊನ್ನೆ ಅದ್ದಿದರೆ ಬಂದದ್ದು ಕೆಸರು. ಮಳೆಗೆ ಇನ್ನೂ ಒಂದು ತಿಂಗಳಿತ್ತು.

"ಅಯ್ಯೋ, ನೆರಳನ್ನೇ ಕಿತ್ತು ಹಂಚಿಬಿಟ್ಟೆನಲ್ಲ!" ಎಂದು ಕಂಟಪ್ಪ ತಲೆ ಚಚ್ಚಿಕೊಂಡ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೂರು ಗುಡ್ಡದಾಚೆ ಒಂದು ಮಡು ಇದೆಯೆಂದು ಕಾಗೆ ಹೇಳಿತು. ಮರಿಗಳನ್ನು ನಡುವೆ ಹಾಕಿಕೊಂಡು ಕಾಡಿಗೆ ಕಾಡೇ ಹೊರಟಿತು. ಕಂಟಪ್ಪ ಎಲ್ಲರಿಗಿಂತ ಹಿಂದೆ, ತಲೆ ತಗ್ಗಿಸಿಕೊಂಡು ನಡೆದ. ಯಾರೂ ಅವನನ್ನು ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಸಂಕಟವಾಯಿತು.

ಎರಡನೆಯ ದಿನ ಮಡು ಸಿಕ್ಕಿತು. ಕಾಡುಕೋಣಗಳು ಅದರಲ್ಲೇ ಹೊರಳುತ್ತಿದ್ದವು. ಕೋತಿಗಳು ಕುಡಿದು ಅಲ್ಲೇ ಉಗುಳುತ್ತಿದ್ದವು. ಕಾಡುಹಂದಿ ಕೆಸರು ಮೂತಿಯನ್ನು ಮೇಲೆತ್ತಿ, ಕುಂಟುತ್ತಾ ಪಕ್ಕಕ್ಕೆ ಸರಿಯಿತು.

"ಬಾ ಕಂಟಪ್ಪ, ನನ್ನ ಮಗ್ಗುಲಲ್ಲಿ ಜಾಗ ಇದೆ. ಕುಡಿ."

ಕಂಟಪ್ಪ ಸುತ್ತ ನೋಡಿದ. ಬೇರೆ ನೀರಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಎಲ್ಲರೂ ಬಾಯಿಟ್ಟಲ್ಲೇ ತಾನೂ ಬಾಯಿಟ್ಟು ಕುಡಿದ.

ನೀತಿ: ಪಾತ್ರೆ ಎಸೆದ ಮೇಲೆ ಏನಾಗುತ್ತದೆ ಎಂದು ಕೇಳಿದರೆ ಸಾಲದು, ಅದು ಎಲ್ಲಿಂದ ಬಂತು, ಎಷ್ಟು ಸಲ ಬಳಕೆಗೆ ಬಂತು ಎಂದೂ ಕೇಳಬೇಕು.