ಶುಕ್ರವಾರ ನಿಂತ ಯಂತ್ರ

ಹರಿಹರದ ಹೊರಗೆ, ಹೊಳೆಯ ಪಕ್ಕದಲ್ಲಿ, ಕಾರುಗಳಿಗೆ ಸ್ನಾನ ಮಾಡಿಸುವ ಯಂತ್ರವೊಂದಿತ್ತು. ಅದರ ಆರೈಕೆ ನೀಲಕಂಠಜ್ಜನದು.

ಅಜ್ಜ ಮಾತಿನ ಮನುಷ್ಯನಲ್ಲ. ಯಂತ್ರ ತಿರುಗುವಾಗಲಂತೂ ಕೆಮ್ಮು ಬಂದರೂ ತಡೆದುಕೊಂಡು ಅದರ ಸದ್ದನ್ನೇ ಕೇಳುತ್ತಿದ್ದ.

ಅವನ ಶಿಷ್ಯೆ ದಾಕ್ಷಾಯಿಣಿ, ನಲವತ್ತರ ಹೆಂಗಸು. ಮೊದಲು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಮಾಡುತ್ತಿದ್ದಳು. ಅದು ಮುಚ್ಚಿತು. ಇಲ್ಲಿ ಬಟ್ಟೆ ಹಿಡಿದು ಕಾರು ಒರೆಸಲು ಬಂದಳು. ಒರೆಸುತ್ತ ಒರೆಸುತ್ತ ಯಂತ್ರದ ಮೇಲೆ ಮನಸ್ಸಾಯಿತು. ಏಳು ತಿಂಗಳಿಂದ ಅಜ್ಜನ ಬೆನ್ನು ಬಿಟ್ಟಿರಲಿಲ್ಲ.

ಬರುವ ಭಾನುವಾರ ಅಜ್ಜ ಕೆಲಸ ಬಿಡುವವನಿದ್ದ.

ಮಾಲೀಕ ಮುರಿಗೆಪ್ಪ ಅವಳಿಗೆ ಹೇಳಿದ್ದ: "ನೋಡಮ್ಮ, ಶುಕ್ರವಾರ ಒಂದು ದಿನ ನೀನೊಬ್ಬಳೇ ನಡೆಸು. ನಡೆಸಿದ್ರೆ ಯಂತ್ರ ನಿನ್ನ ಕೈಗೆ. ಆಗಲಿಲ್ಲ ಅಂದ್ರೆ ಹೊರಗಿಂದ ಯಾರನ್ನಾದ್ರೂ ಕರೆಸ್ತೀನಿ. ನೀನು ಮತ್ತೆ ಬಟ್ಟೆ ಹಿಡಿ."

ಶುಕ್ರವಾರ ಅವಳು ಎಲ್ಲರಿಗಿಂತ ಮೊದಲು ಬಂದಳು. ಯಂತ್ರವನ್ನು ಒರೆಸಿ, ಪೂಜೆ ಮಾಡಿ, ಊದುಬತ್ತಿ ಹಚ್ಚಿದಳು. ಅಜ್ಜ ಬೇವಿನ ಮರದ ಕೆಳಗೆ ಹೊಳೆಯ ಕಡೆ ಮುಖ ಮಾಡಿ ಕೂತ. ಇವತ್ತು ತನಗೆ ರಜೆ ಅಂದ.

ಮೊದಲು ಬಂದದ್ದು ಮದುಮಗನ ಕಾರು. ಬಿಳಿ ಬಣ್ಣದ್ದು, ಹಳ್ಳಿ ದಾರಿಯ ಕೆಸರೆಲ್ಲ ಮೈಮೇಲೆ.

"ಹನ್ನೊಂದಕ್ಕೆ ಮುಹೂರ್ತ ಅಕ್ಕಾ," ಅಂದ ಡ್ರೈವರ್.

"ಹತ್ತು ನಿಮಿಷ ಸಾಕು," ಅಂದಳು ದಾಕ್ಷಾಯಿಣಿ.

ಗುಂಡಿ ಒತ್ತಿದಳು. ನೀರು ಚಿಮ್ಮಿತು. ನೊರೆ ಬಿತ್ತು. ಬ್ರಶ್ಶುಗಳನ್ನು ಹೊತ್ತು ಹಳಿಯ ಮೇಲೆ ಓಡಬೇಕಾದ ಕಮಾನು ಮಾತ್ರ ನಿಂತಲ್ಲೇ ನಿಂತಿತು.

ಮತ್ತೆ ಒತ್ತಿದಳು. ಕಮಾನು ಕದಲಲಿಲ್ಲ.

ಅವಳು ಮೇನ್ ಸ್ವಿಚ್ ಆರಿಸಿ ಒಳಗೆ ಹೋದಳು. ಗ್ರೀಸ್ ಗನ್ ತಗೊಂಡು ಬೇರಿಂಗುಗಳಿಗೆಲ್ಲ ತುಂಬಿದಳು. ಚೈನಿಗೆ ಬಳಿದಳು. ಗಾಲಿಗಳಿಗೆ ಬಳಿದಳು. ಗಾರ್ಮೆಂಟ್ಸ್‌ನಲ್ಲಿ ದಿನಾ ಬೆಳಿಗ್ಗೆ ನಲವತ್ತು ಯಂತ್ರಗಳಿಗೆ ಎಣ್ಣೆ ಬಿಟ್ಟ ಕೈ ಅದು, ಸುಮ್ಮನಿರಲು ಬರುತ್ತಿರಲಿಲ್ಲ. ಕೊನೆಗೆ ಯಂತ್ರ ಗರಡಿಮನೆಯ ಪೈಲ್ವಾನನ ಹಾಗೆ ಹೊಳೆಯಿತು. ಸ್ವಿಚ್ ಹಾಕಿದರೂ ಓಡಲಿಲ್ಲ.

ಅವಳು ಬೇವಿನ ಮರದ ಹತ್ತಿರ ಹೋದಳು.

"ಅಜ್ಜಾ, ಎಲ್ಲಾ ಕಡೆ ಗ್ರೀಸ್ ಹಾಕ್ದೆ. ಅಲ್ಲಾಡ್ತಾನೇ ಇಲ್ಲ."

"ಕಿರ್ ಅಂತಿತ್ತಾ?"

"ಇಲ್ಲ."

"ಬಿಸಿ ಆಗಿತ್ತಾ?"

"ಇಲ್ಲ."

"ಹೊಟ್ಟೆನೋವು ಅಂತ ಬಂದೋರಿಗೆ ತಲೆಗೆ ಎಣ್ಣೆ ಹಚ್ತೀಯಾ ನೀನು?"

ಅವಳು ವಾಪಸ್ ಓಡಿದಳು. ಪಂಪಿನ ಜಾಲರಿ ಬಿಚ್ಚಿ ತೊಳೆದಳು. ನೀರು ಚಿಮ್ಮುವ ನಳಿಗೆಗಳಿಗೆ ಒಂದೊಂದಾಗಿ ಪಿನ್ನು ಹಾಕಿ ಚುಚ್ಚಿದಳು. ಹೊರಗೆ ಡ್ರೈವರ್ ಗಡಿಯಾರ ನೋಡಿಕೊಳ್ಳುತ್ತ ಅಡ್ಡಾಡುತ್ತಿದ್ದ. ಕಾರಿನ ಮೇಲಿನ ನೊರೆ ಒಣಗತೊಡಗಿತ್ತು.

ಮತ್ತೆ ಅಜ್ಜನ ಹತ್ತಿರ ಬಂದಳು.

"ನಳಿಗೆ, ಜಾಲರಿ ಎಲ್ಲಾ ಸ್ವಚ್ಛ ಮಾಡ್ದೆ ಅಜ್ಜಾ."

"ಮೊದ್ಲು ನೀರು ಬರ್ತಿರಲಿಲ್ವಾ?"

"ಬರ್ತಿತ್ತು."

"ಈಗ?"

"ಈಗಲೂ ಬರ್ತೈತೆ."

ಅಜ್ಜ ಹೊಳೆಯ ಕಡೆ ತಿರುಗಿದ.

ದಾಕ್ಷಾಯಿಣಿ ಅಲ್ಲೇ ನೆಲಕ್ಕೆ ಕೂತಳು. ಅವಳ ಕಣ್ಣು ತುಂಬಿತ್ತು. ಏಳು ತಿಂಗಳು ಕಲಿತದ್ದು ಒಂದೇ ಬೆಳಗಿನಲ್ಲಿ ನೀರುಪಾಲಾಯಿತು ಅನ್ನಿಸಿತು.

"ನಿಮ್ಮ ಕಾಲಿಗೆ ಬೀಳ್ತೀನಿ. ಒಂದ್ಸಲ ಬಂದು ನೋಡಿ ಅಜ್ಜಾ."

"ನಿನ್ನೆ ಸಂಜೆ ಓಡ್ತಿತ್ತಾ?"

"ಓಡ್ತಿತ್ತು. ಕೊನೇ ಕಾರು ನಾನೇ ತೊಳೆಸ್ದೆ."

"ಆಮೇಲೆ ಅದನ್ನ ಯಾರು ಮುಟ್ಟಿದ್ರು?"

"ಯಾರೂ ಇಲ್ಲ ಅಜ್ಜಾ. ಬಾಗ್ಲು ಹಾಕಿತ್ತು. ಬೆಳಿಗ್ಗೆ ನಾನೇ ತೆಗ್ದೆ."

"ಹೂಂ."

"ನಾನು ಯಂತ್ರಕ್ಕೆ ಏನೂ ಮಾಡಿಲ್ಲ. ಒರೆಸ್ದೆ. ಪೂಜೆ ಮಾಡ್ದೆ. ಅಷ್ಟೇ."

ಅಷ್ಟೇ ಅಂದವಳು ತಟ್ಟನೆ ಯಂತ್ರದ ಕಡೆ ತಿರುಗಿದಳು. ಆಮೇಲೆ ಎದ್ದು ಓಡಿದಳು.

ಕಮಾನಿನ ಕಂಬದಲ್ಲಿ, ಎದೆಮಟ್ಟಕ್ಕೆ, ಕಪ್ಪು ಗಾಜಿನ ಸಣ್ಣ ಬಿಲ್ಲೆಯೊಂದಿತ್ತು. ಅದು ಯಂತ್ರದ ಕಣ್ಣು. ದಾರಿಗೆ ಮನುಷ್ಯರೋ ಬಕೆಟ್ಟೋ ಅಡ್ಡ ಬಂದರೆ ಯಂತ್ರವನ್ನು ನಿಲ್ಲಿಸುವುದು ಅದರ ಕೆಲಸ. ಬೆಳಗಿನ ಭಕ್ತಿಯಲ್ಲಿ ದಾಕ್ಷಾಯಿಣಿಗೆ ಅದು ಹಣೆಯ ಹಾಗೆ ಕಂಡಿತ್ತು. ಗಂಧ ತೇಯ್ದು ಹಚ್ಚಿ, ಮೇಲೆ ಕಾಸಗಲ ಕುಂಕುಮ ಇಟ್ಟಿದ್ದಳು. ಎದುರಿಗೆ ಏನೋ ಅಡ್ಡ ನಿಂತಿದೆ ಅಂದುಕೊಂಡು ಯಂತ್ರ ತನ್ನ ಕೆಲಸ ತಾನು ನೆಟ್ಟಗೇ ಮಾಡುತ್ತಿತ್ತು.

ಅವಳು ಸ್ವಿಚ್ ಆರಿಸಿ, ಸೆರಗಿನಿಂದಲೇ ಅದನ್ನು ಒರೆಸಿದಳು. ಬ್ರಶ್ಶಿನ ಹತ್ತಿರ ಜಿನುಗುತ್ತಿದ್ದ ಗ್ರೀಸನ್ನೂ ಬಳಿದು ತೆಗೆದಳು, ಇಲ್ಲದಿದ್ದರೆ ಮದುಮಗನ ಕಾರು ಕರಿಬಣ್ಣದ್ದಾಗುತ್ತಿತ್ತು. ಹೊರಗೆ ಬಂದು ಸ್ವಿಚ್ ಹಾಕಿ ಗುಂಡಿ ಒತ್ತಿದಳು.

ಕಮಾನು ಹೊರಟಿತು. ಬ್ರಶ್ಶುಗಳು ತಿರುಗಿದವು. ಅವಳಿಗೆ ಆದ ಸಂತೋಷ ಹೇಳತೀರದು.

ಅಷ್ಟರಲ್ಲಿ ಮುರಿಗೆಪ್ಪನ ಸ್ಕೂಟರ್ ಬಂತು. ಕಾಯುತ್ತಿದ್ದ ಕಾರುಗಳ ಸಾಲು ನೋಡಿ ಅವನ ಹುಬ್ಬು ಮೇಲೇರಿತು.

"ಏನಾಗಿತ್ತು?"

"ಕರೆಂಟ್ ಏರುಪೇರಾಗಿತ್ತು ಅನ್ಸುತ್ತೆ ಸಾವ್ಕಾರ್ರೆ," ಅಂದ ಡ್ರೈವರ್. ಕಾರು ಸ್ವಚ್ಛವಾಗುತ್ತಿತ್ತಲ್ಲ, ಅವನಿಗೆ ಎಲ್ಲರ ಮೇಲೂ ಪ್ರೀತಿ ಬಂದಿತ್ತು.

ದಾಕ್ಷಾಯಿಣಿ ಬೇವಿನ ಮರದ ಕಡೆ ನೋಡಿದಳು. ಅಜ್ಜ ಹೊಳೆ ನೋಡುತ್ತಿದ್ದ.

ಹೂಂ ಅಂದರೆ ಮುಗಿಯುತ್ತಿತ್ತು. ಕರೆಂಟಿನವರು ಬಂದು ಇಲ್ಲ ಅನ್ನುತ್ತಿರಲಿಲ್ಲ.

"ಕರೆಂಟ್ ಅಲ್ಲ," ಅಂದಳು. "ನಾನೇ ಅದರ ಕಣ್ಣಿಗೆ ಕುಂಕುಮ ಹಚ್ಚಿದ್ದೆ. ಅದು ತಿಳೀದೆ ಒಂದೂವರೆ ಗಂಟೆ ಬೇರೆ ಎಲ್ಲಾ ಬಿಚ್ಚಿದೆ. ತಪ್ಪು ನನ್ನದು."

ಮುರಿಗೆಪ್ಪ ಅವಳನ್ನು ನೋಡಿದ. ಕೆಂಪಾದ ಸೆರಗನ್ನು ನೋಡಿದ. ಗ್ರೀಸಿನಲ್ಲಿ ಮುಳುಗೆದ್ದ ಯಂತ್ರವನ್ನೂ ನೋಡಿದ. ನಗು ತಡೆಯಲಾಗಲಿಲ್ಲ ಅವನಿಗೆ.

"ಪುಣ್ಯಕ್ಕೆ ಅದರ ಮೇಲೆ ಕಾಯಿ ಒಡೀಲಿಲ್ಲ ನೀನು," ಅಂದ. ಸ್ಕೂಟರ್ ತಿರುಗಿಸುತ್ತ ಸೇರಿಸಿದ, "ಸೋಮವಾರ ಏಳು ಗಂಟೆಗೆ ಬಾಗ್ಲು ತೆಗೆದಿರಬೇಕು."

ಮದುಮಗನ ಕಾರು ಫಳಫಳ ಅನ್ನುತ್ತ ಹೋಯಿತು. ಮಧ್ಯಾಹ್ನದವರೆಗೆ ಹದಿನಾರು ಕಾರು ತೊಳೆದಾಯಿತು.

ಊಟದ ಹೊತ್ತಿಗೆ ಯಂತ್ರ ನಿಲ್ಲಿಸಿ ಅವಳು ಹೆಚ್ಚಾದ ಗ್ರೀಸ್ ಒರೆಸಲು ಕೂತಳು. ಅಜ್ಜ ಎದ್ದು ಬಂದು ಇನ್ನೊಂದು ಬಟ್ಟೆ ಹಿಡಿದ. ಇಬ್ಬರೂ ಬಹಳ ಹೊತ್ತು ಒರೆಸಿದರು. ಹಾಕಲು ಕಾಲು ಗಂಟೆ ಸಾಕಾಗಿತ್ತು, ತೆಗೆಯಲು ಎರಡು ಗಂಟೆ ಹಿಡಿಯಿತು.

"ಎಷ್ಟು ಹಾಕ್ಬೇಕು ಅಜ್ಜಾ?"

"ಮೊದ್ಲು ಗ್ರೀಸ್ ಹಾಕೋ ತೂತಿನ ಬಾಯಿ ಒರೆಸು, ಇಲ್ದಿದ್ರೆ ಧೂಳನ್ನೂ ಒಳಗೆ ತಳ್ತೀಯ. ಹಳೇ ಗ್ರೀಸ್ ಹೊರಗೆ ಇಣುಕಿದ ಕೂಡ್ಲೇ ಕೈ ತೆಗಿ."

"ಚೈನಿಗೆ?"

"ತೆಳು ಎಣ್ಣೆ. ಗ್ರೀಸ್ ಹಾಕಿದ್ರೆ ರಸ್ತೆ ಮಣ್ಣೆಲ್ಲ ಅಂಟ್ಕೊಳ್ತದೆ."

"ಪೂಜೆ ಬಿಟ್ಬಿಡ್ಲಾ?"

"ಯಾಕೆ ಬಿಡ್ತೀಯ? ಕಂಬ ಇಷ್ಟುದ್ದ ಐತೆ."

ಅವಳು ನಕ್ಕಳು. ಹೊಳೆಯ ಕಡೆಯಿಂದ ಗಾಳಿ ಬಂತು. ಕೈಗೆಲ್ಲ ಗ್ರೀಸ್, ಹೊಟ್ಟೆಗೆ ಇನ್ನೂ ಊಟವಿಲ್ಲ, ಆದರೂ ಹಾಯೆನಿಸುತ್ತಿತ್ತು. ಆಮೇಲೆ ಸೋಮವಾರದ ನೆನಪಾಯಿತು, ಒರೆಸುವ ಕೈ ನಿಂತಿತು.

"ಸೋಮವಾರ ನೀವಿರಲ್ಲ ಅಜ್ಜಾ. ಮತ್ತೆ ನಿಂತ್ರೆ ನನಗೆ ಯಾರು ಹೇಳ್ತಾರೆ?"

ಅಜ್ಜ ಬಟ್ಟೆಯ ಇನ್ನೊಂದು ಮಗ್ಗುಲು ತಿರುಗಿಸಿ ಹಿಡಿದ.

"ಇವತ್ತು ಯಾರು ಹೇಳಿದ್ರು?"