ಗೈಬುಸಾಬ ಬಗ್ಗಿಸಿದ ಸ್ಟೇರಿಂಗ್

ಬಹಳ ಹಿಂದೆ, ಕರಿಕಣಿವೆ ಘಟ್ಟದ ಬುಡದಲ್ಲಿ ಒಂದು ಊರಿತ್ತು. ಯಾವ ಇಸವಿ ಅಂತ ಕೇಳಬೇಡಿ, ಕೇಳಿದರೆ ನಾನು ಸುಳ್ಳು ಹೇಳಬೇಕಾಗುತ್ತದೆ. ಆ ಊರಲ್ಲಿ ಗೈಬುಸಾಬ ಅಂತ ಒಬ್ಬ ಮಿಸ್ತ್ರಿ ಇದ್ದ. ಹಳೇ ಗಾಡಿ ರಿಪೇರಿ ಮಾಡುವುದು ಅವನ ಕಸುಬು. ಅವನು ಬಾನೆಟ್ಟಿಗೆ ಕಿವಿಯಿಟ್ಟರೆ ಇಂಜಿನ್ನು ತನ್ನ ನೋವು ತಾನೇ ಹೇಳಿಕೊಳ್ಳುತ್ತಿತ್ತಂತೆ. ಅದು ಎಷ್ಟು ನಿಜವೋ, ನಾನಂತೂ ಕೇಳಿಸಿಕೊಂಡಿಲ್ಲ. ಆದರೆ ಸ್ಟೇರಿಂಗ್ ವಿಷಯದಲ್ಲಿ ಅವನ ಸಮ ಇನ್ನೊಬ್ಬ ಹುಟ್ಟಲಿಲ್ಲ, ಅದರಲ್ಲಿ ಎರಡು ಮಾತಿಲ್ಲ.

ಆ ಕಾಲದ ಪಿಕಪ್ ಗಾಡಿಗಳು ಈಗಿನವುಗಳ ಹಾಗೆ ಒಂದು ಬೆರಳಿಗೆ ತಿರುಗುತ್ತಿರಲಿಲ್ಲ. ತೋಳಿನ ಬಲವೆಲ್ಲ ಹಾಕಬೇಕಿತ್ತು. ಹರೆಯದವರು ಬಂದು, ಚಿಕ್ಕ ಸ್ಟೇರಿಂಗ್ ಹಾಕಿಕೊಡು, ನೋಡೋಕೆ ಚಂದ ಅನ್ನುತ್ತಿದ್ದರು. ಸ್ಟೇರಿಂಗ್ ಚಕ್ರ ಸಣ್ಣದಾದಷ್ಟೂ ಕೈಗೆ ಭಾರ, ದೊಡ್ಡದಾದಷ್ಟೂ ಹಗುರ. ಬೀಸುಕಲ್ಲಿನ ಗೂಟ ಅಂಚಿಗೆ ಯಾಕಿರುತ್ತದೆ ಅಂತ ನಿಮ್ಮವ್ವನ್ನ ಕೇಳಿಕೊಂಡು ಬನ್ನಿ ಅಂತ ಗೈಬುಸಾಬ ಅವರನ್ನು ಬಾಗಿಲಿನಿಂದಲೇ ಸಾಗಹಾಕುತ್ತಿದ್ದನಂತೆ.

ಅದೇ ಊರಲ್ಲಿ ಕುಂಬಾರ ನಿಂಬೆವ್ವ ಇದ್ದಳು. ಗಂಡ ಮನೆಯಲ್ಲಿ ತಿಗರಿ ತಿರುಗಿಸಿ ಗಡಿಗೆ ಮಾಡುತ್ತಿದ್ದ. ಇವಳು ಹಳೇ ಪಿಕಪ್ಪಿಗೆ ಹುಲ್ಲು ಹಾಸಿ, ಗಡಿಗೆ ಹೇರಿ, ತಾನೇ ಓಡಿಸಿಕೊಂಡು ಘಟ್ಟದ ಆಚೆ ಸಂತೆಗೆ ಒಯ್ಯುತ್ತಿದ್ದಳು. ಮನೆಯಲ್ಲಿ ಅವಳು ಸೊಸೆ, ಅತ್ತಿಗೆ, ಅವ್ವ. ಗಾಡಿಯಲ್ಲಿ ಕೂತಾಗ ಮಾತ್ರ ನಿಂಬೆವ್ವ. ಆ ಗಾಡಿ ಅಂದರೆ ಅವಳಿಗೆ ಜೀವ.

ಒಂದು ದಿನ ಗಡಿಗೆ ಸುಡುವ ಆವಿಗೆಯ ಮೇಲೆ ನಿಂತು ಜೋಡಿಸುವಾಗ ಕಾಲು ಜಾರಿ ಬಿದ್ದಳು. ನಾಟಿ ವೈದ್ಯರು ಎಲುಬು ಕೂಡಿಸಿದರು, ಆದರೆ ಬಲಗೈ ಭುಜಕ್ಕಿಂತ ಮೇಲೆ ಏಳದೇ ಹೋಯಿತು. ಸ್ಟೇರಿಂಗ್ ತಿರುಗಿಸಲು ಬಲ ಸಾಲದು. ಮೈದುನ ಗುರುಲಿಂಗ, ಅಮಾವಾಸ್ಯೆ ಕಳೆಯಲಿ, ಗಾಡಿ ಮಾರಿಬಿಡೋಣ ಅಂದ. ಗಂಡ ತಿಗರಿ ತಿರುಗಿಸುತ್ತಲೇ ಇದ್ದ. ನಿಂಬೆವ್ವ ಎಡಗೈಯಲ್ಲೇ ಒದ್ದಾಡುತ್ತ ಗಾಡಿಯನ್ನು ಗೈಬುಸಾಬನ ಶೆಡ್ಡಿಗೆ ತಂದು ನಿಲ್ಲಿಸಿದಳು.

“ಕಾಕಾ, ಈ ಗಾಡಿ ಹೋದ್ರ ನಾ ಮೂಲ್ಯಾಗಿನ ಒಡದ ಗಡಿಗಿ ಆಗ್ತೀನಿ ನೋಡ್ರಿ,” ಅಂದಳಂತೆ.

ಗೈಬುಸಾಬ ಅವಳನ್ನು ಸೀಟಿನಲ್ಲಿ ಕೂರಿಸಿ, ದಾರ ಹಿಡಿದು ತೋಳು ಅಳೆದ. ಗುಜರಿಯಿಂದ ಲಾರಿಯ ದೊಡ್ಡ ಸ್ಟೇರಿಂಗ್ ತಂದು ಹಾಕಿದ. ಶೆಡ್ಡಿನ ಮುಂದಿನ ಬಯಲಿನಲ್ಲಿ ಅದು ಹೂವೆತ್ತಿದಷ್ಟು ಹಗುರಾಗಿ ತಿರುಗಿತು. ನಿಂಬೆವ್ವ ನಕ್ಕಳು, ಮಿಸ್ತ್ರಿ ಮೀಸೆ ತಿರುವಿದ.

ಆ ಘಟ್ಟದಲ್ಲಿ ಗೊರಸಿನ ತಿರುವು ಅಂತ ಒಂದಿದೆ. ಹತ್ತುವ ದಾರಿ ಬಲಕ್ಕೆ ಪೂರಾ ಹಿಂದಕ್ಕೆ ಹೊರಳುತ್ತದೆ, ಎಡಕ್ಕೆ ಕಮರಿ. ಚಕ್ರ ದೊಡ್ಡದಾದರೆ ಹಗುರ, ನಿಜ; ಆದರೆ ಕೈ ಹೆಚ್ಚು ದೂರ ಓಡಬೇಕು, ಮೇಲೆ ಏರಬೇಕು. ಮುಂದಿನ ಸಂತೆಗೆ ಗಡಿಗೆ ಹೇರಿಕೊಂಡು ಹತ್ತುವಾಗ ಆ ತಿರುವಿನಲ್ಲಿ ನಿಂಬೆವ್ವನ ಬಲಗೈ ಅರ್ಧಕ್ಕೇ ನಿಂತಿತು. ಸ್ಟೇರಿಂಗಿನ ಕೆಳಗಿನ ಅಂಚು ತೊಡೆಗೆ ಸಿಕ್ಕಿಕೊಂಡಿತು. ಎಡಗಡೆಯ ಮುಂದಿನ ಗಾಲಿ ಅಂಚಿನ ಕಲ್ಲಿಗೆ ಬಡಿದು ಗಾಡಿ ನಿಂತಿತು. ಗಡಿಗೆಗಳೆಲ್ಲ ಪುಡಿಪುಡಿ, ಜೀವ ಉಳಿದದ್ದೇ ಪುಣ್ಯ.

ಊರು ಬಾಯಿಗೆ ಬಂದಂತೆ ಆಡಿತು. ಹೆಂಗಸಿನ ಕೈಗೆ ಗಾಡಿ ಕೊಟ್ಟರೆ ಹೀಗೇ ಅಂತ ಗುರುಲಿಂಗ ಕಟ್ಟೆಯ ಮೇಲೆ ಕೂತು ಸಾರಿದ. ಗೈಬುಸಾಬ ಸುಮ್ಮನಿದ್ದಿದ್ದರೆ ತಪ್ಪೆಲ್ಲ ಅವಳ ತಲೆಗೇ ಬರುತ್ತಿತ್ತು, ಅವನ ಹೆಸರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಆದರೆ ಸುತ್ತ ಎಪ್ಪತ್ತು ಹಳ್ಳಿಗೆ ಹೆಸರಾದ ಆ ಮಿಸ್ತ್ರಿ ಕುಂಬಾರರ ಅಂಗಳಕ್ಕೆ ಬಂದ. ಚಪ್ಪಲಿ ಕಳಚಿ ನಿಂತು, ಓಣಿಗೆಲ್ಲ ಕೇಳುವ ಹಾಗೆ ಹೇಳಿದ.

“ಯವ್ವಾ, ತಪ್ಪು ನಂದು. ನಾ ನಿನ್ನ ತೋಳ ಅಳದೆ, ಘಟ್ಟ ಅಳೀಲಿಲ್ಲ.”

ಬೇರೆಯವರು ಅವನ ಪವಾಡ ಬೇರೆ ಬೇರೆ ಹೇಳುತ್ತಾರೆ. ನನ್ನನ್ನು ಕೇಳಿದರೆ ಇದೇ ದೊಡ್ಡದು. ನನ್ನ ಗಾಡಿ ಕೆಡಿಸಿದ ಮಿಸ್ತ್ರಿಗಳಲ್ಲಿ ಒಬ್ಬನೂ ಈ ಮಾತು ಆಡಿದ್ದಿಲ್ಲ.

ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ. ಗೈಬುಸಾಬ ನಿಂಬೆವ್ವನನ್ನು ಮತ್ತೆ ಸೀಟಿನಲ್ಲಿ ಕೂರಿಸಿ, ಗೊರಸಿನ ತಿರುವಿನಲ್ಲಿ ತಿರುಗಿಸಿದ ಹಾಗೆ ತಿರುಗಿಸಲು ಹೇಳಿದ. ಅವಳ ಕೈ ಎಲ್ಲಿ ನಿಂತಿತೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆದ. ಬೇಕಾದದ್ದು ಹಳೆಯದಕ್ಕಿಂತ ಮೂರು ಬೆರಳು ದೊಡ್ಡದು, ಲಾರಿಯದಕ್ಕಿಂತ ಮೂರು ಬೆರಳು ಚಿಕ್ಕದು. ಅಂಥದ್ದು ಯಾವ ಗುಜರಿಯಲ್ಲೂ ಸಿಗಲಿಲ್ಲ. ಸಿಗದಿದ್ದರೆ ಬಿಡುವವನೇ ಅವನು? ಕಬ್ಬಿಣದ ಕೊಳವೆಯೊಳಗೆ ಒಣಮರಳು ತುಂಬಿದ, ಎರಡೂ ಬಾಯಿಗೆ ಬೆಣೆ ಬಡಿದ, ಕಾಸಿ ಕಾಸಿ ಬಗ್ಗಿಸಿದ. ಮರಳಿಲ್ಲದಿದ್ದರೆ ಕೊಳವೆ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಆಮೇಲೆ ಮರಳು ಸುರಿದು, ಹಳೇ ಸ್ಟೇರಿಂಗಿನ ನಡುಭಾಗಕ್ಕೆ ಬೆಸೆದು, ಮೇಲೆ ನೂಲಿನ ಹಗ್ಗ ಸುತ್ತಿದ. ಸೀಟನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿದ, ಎರಡು ಬೆರಳು ಎತ್ತರಿಸಿದ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಗಡಿಗೆ ಹೇರಿದರು. ಊರೆಲ್ಲ ನೋಡಲು ಸೇರಿತ್ತು. ಈ ಗಾಡಿಯಲ್ಲಿ ಇನ್ನು ಯಾರು ಕೂರುತ್ತಾರೆ ಅಂತ ಗುರುಲಿಂಗ ಹಲ್ಲು ಕಿರಿದ. ಗೈಬುಸಾಬ ಎಡಗಡೆಯ ಬಾಗಿಲು ತೆಗೆದು ಕೂತ, ಕಮರಿ ಇರುವ ಕಡೆಗೇ.

ಗೊರಸಿನ ತಿರುವು ಬಂದಾಗ ನಿಂಬೆವ್ವ ಗೇರು ಇಳಿಸಿದಳು. ಒಡೆದ ಗಡಿಗೆಗಳ ಸದ್ದು ಕಿವಿಯಲ್ಲಿ ಇನ್ನೂ ಇತ್ತು. ಒಮ್ಮೆ ಪಕ್ಕಕ್ಕೆ ನೋಡಿದಳು. ಗೈಬುಸಾಬ ಕಮರಿಯನ್ನು ನೋಡುತ್ತಿರಲಿಲ್ಲ, ಅವಳ ಮೊಣಕೈ ನೋಡುತ್ತಿದ್ದ. ಅವಳ ಎಡಗೈ ನೂಕಿತು, ಬಲಗೈ ಹಿಡಿದೆಳೆಯಿತು, ಮತ್ತೆ ಎಡಗೈ ನೂಕಿತು. ಬಲಗೈ ಎಲ್ಲೂ ಭುಜ ಮೀರಲಿಲ್ಲ, ಎಲ್ಲೂ ಬಲ ಸಾಲದೆ ಹೋಗಲಿಲ್ಲ. ಗಾಡಿ ತಿರುವು ದಾಟಿ ಮೇಲಿನ ದಾರಿಗೆ ಬಿತ್ತು. ಆಗ ಮಾತ್ರ ನಿಂಬೆವ್ವ ಗಾಡಿ ನಿಲ್ಲಿಸಿ ಗೊಳೋ ಅಂತ ಅತ್ತಳಂತೆ. ಗೈಬುಸಾಬ ಕಿಟಕಿಯ ಆಚೆ ಮುಖ ಮಾಡಿ ಕೂತನಂತೆ.

ಆ ದಿನ ಗಾಡಿಯಲ್ಲಿ ಏಳುನೂರು ಗಡಿಗೆ ಇದ್ದವು, ಒಂದೂ ಒಡೆಯಲಿಲ್ಲ ಅನ್ನುತ್ತಾರೆ. ಆ ಗಾಡಿಯಲ್ಲಿ ನೂರು ಹಿಡಿದರೆ ಹೆಚ್ಚು. ಇರಲಿ ಬಿಡಿ, ಹೇಳುವವರ ಬಾಯಿಗೆ ನಾನೇಕೆ ಕೈ ಅಡ್ಡ ಇಡಲಿ? ಗಾಡಿ ಮಾರಲಿಲ್ಲ. ತಲೆ ನೆರೆತು ಬಿಳಿಯಾಗುವವರೆಗೆ ನಿಂಬೆವ್ವ ಅದೇ ಸ್ಟೇರಿಂಗ್ ಹಿಡಿದು ಘಟ್ಟ ಹತ್ತಿ ಇಳಿದಳು.

ಗೈಬುಸಾಬ ಹೋಗಿ ಎಷ್ಟೋ ಕಾಲವಾಯಿತು. ಆದರೂ ಆ ಊರಲ್ಲಿ ಇವತ್ತಿಗೂ ಯಾವ ಮಿಸ್ತ್ರಿಯೂ ಬೇರೆ ಸ್ಟೇರಿಂಗ್ ಹಾಕಿ, ಕೀಲಿಕೈ ಕೊಟ್ಟು, ಹೋಗಿ ಬನ್ನಿ ಅನ್ನುವುದಿಲ್ಲ. ಮೊದಲ ಸಲ ಘಟ್ಟ ಹತ್ತುವಾಗ ತಾನೂ ಜೊತೆಗೆ ಕೂರಬೇಕು. ಕೂರಲು ಹಿಂಜರಿದವನ ಶೆಡ್ಡಿಗೆ ಆಮೇಲೆ ಯಾರೂ ಹೋಗುವುದಿಲ್ಲ. ಹೊರಡುವ ಮುಂಚೆ ಡ್ರೈವರು ತಾನೇ ಇಳಿದು ಬಂದು ಎಡಗಡೆಯ ಬಾಗಿಲು ತೆಗೆದು ಹಿಡಿಯುತ್ತಾನೆ. “ಏರ್ರಿ ಗೈಬುಸಾಬ್ರ,” ಅನ್ನುತ್ತಾನೆ. ಮಿಸ್ತ್ರಿಯ ಹೆಸರು ಈರಪ್ಪ ಇರಲಿ, ದಾವಲಸಾಬ ಇರಲಿ, ಗೊರಸಿನ ತಿರುವು ದಾಟುವವರೆಗೆ ಅವನು ಗೈಬುಸಾಬನೇ.